ಮಜೀದಾ ಆಪಾ ಮನೆಯ ಫ್ರಿಜ್ಜು

ಮಜೀದಾ ಆಪಾರಿಗೆ ಇಲ್ಲ ಅನ್ನಲು ಬರುವುದಿಲ್ಲ. ಫ್ರೇಜರ್ ಟೌನಿನ ಮಾಸ್ಕ್ ರೋಡಿನಿಂದ ಒಳಗೆ ಹೊರಳಿದರೆ ಸಿಗುವ ಅವರ ಗಲ್ಲಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ, ಹೊಗಳಿಕೆಯಾಗಿಯೇ ಹೇಳುತ್ತಾರೆ. ಅದು ಹೊಗಳಿಕೆಯೋ ಅಲ್ಲವೋ ಎಂದು ಅವರ ಮಗ ರಿಜ್ವಾನನನ್ನೂ ಒಂದು ಮಾತು ಕೇಳಬಹುದಿತ್ತು. ಯಾರೂ ಕೇಳಲಿಲ್ಲ, ಅವನಾಗಿ ಬಾಯಿ ಬಿಡುವವನೂ ಅಲ್ಲ.

ಎಲ್ಲ ಶುರುವಾದದ್ದು ಒಂದು ಫ್ರಿಜ್ಜಿನಿಂದ. ಆಪಾ ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಬೀದಿಯ ಆಂಗ್ಲೋ ಇಂಡಿಯನ್ ಕುಟುಂಬವೊಂದು ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟಿತು. ಆಪಾರ ಗಂಡ ಅಕ್ತರ್ ಆ ಮನೆಯ ಮೇಜು ಕುರ್ಚಿಗಳಿಗೆ ಪಾಲಿಶ್ ಹಚ್ಚುತ್ತಿದ್ದವರು. ಹೊರಡುವಾಗ ಆ ಮನೆಯವರು ತಮ್ಮ ಹಳೆಯ ಫ್ರಿಜ್ಜನ್ನು ಅವರಿಗೇ ಬಿಟ್ಟುಹೋದರು. ಅಕ್ತರ್ ಅದನ್ನು ತಳ್ಳುಗಾಡಿಯ ಮೇಲೆ ನಿಲ್ಲಿಸಿ, ಎರಡೂ ಕಡೆ ಜನರನ್ನು ಹಿಡಿಸಿ, ಮದುಮಗನ ಮೆರವಣಿಗೆಯ ಹಾಗೆ ಗಲ್ಲಿಗೆ ತಂದರು. ಆಗ ಗಲ್ಲಿಗೆಲ್ಲ ಅದೊಂದೇ ಫ್ರಿಜ್ಜು.

ಅದು ಆಪಾ ಮನೆಯದಾಗಿ ಉಳಿದದ್ದು ಬಹುಶಃ ಮೊದಲ ವಾರ ಮಾತ್ರ. ಆಮೇಲೆ ಹೂ ಮಾರುವ ಮಾನಮ್ಮನ ಮಿಕ್ಕ ಮಲ್ಲಿಗೆ ಬಂತು. ಎದುರುಮನೆ ನೂರ್ಜಹಾನಳ ದೋಸೆ ಹಿಟ್ಟು ಬಂತು. ಇಸ್ತ್ರಿ ಗಾಡಿಯ ಮುನಿವೆಂಕಟಪ್ಪನ ಇನ್ಸುಲಿನ್ ಬಂದು ಬಾಗಿಲಿನ ಮೂಲೆಯಲ್ಲಿ ಕಾಯಮ್ಮಾಗಿ ಕೂತಿತು. ರಂಜಾನಿನಲ್ಲಿ ಉಪವಾಸ ಬಿಡುವ ಹೊತ್ತಿಗೆ ಐಸಿಗೆಂದು ಲೋಟ ಹಿಡಿದ ಮಕ್ಕಳ ಸಾಲು. ಬಕ್ರೀದಿನ ದಿನವಂತೂ ಕೇಳುವುದೇ ಬೇಡ. ಗಲ್ಲಿಯ ಅಷ್ಟೂ ಮನೆಯ ಕುರ್ಬಾನಿ ಮಾಂಸ ಆ ಒಂದು ಪೆಟ್ಟಿಗೆಯೊಳಗೆ ಹೋಗಬೇಕು. ಆಪಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಫ್ರಿಜ್ಜಿನ ಮುಂದೆ ನಿಂತರೆ ಯಾವ ಡಬ್ಬಿ ಯಾರದು ಎಂಬುದರಲ್ಲಿ ಒಮ್ಮೆಯೂ ತಪ್ಪಾದದ್ದಿಲ್ಲ. "ನಿಮ್ಮಂಥೋರು ಯಾರಿದಾರೆ ಆಪಾ" ಎಂದು ಜನ ಹೇಳಿಹೋಗುತ್ತಿದ್ದರು. ಹೊಗಳಿಕೆಗೆ ಸೋಲದವರು ಯಾರಿದ್ದಾರೆ? ಆಪಾ ಸೋತರು, ಮತ್ತೆ ಮತ್ತೆ ಸೋತರು.

ಜಾಗ ಸಾಲದಾದಾಗ ಹೊರಗೆ ಬರುತ್ತಿದ್ದದ್ದು ಮನೆಯವರ ಸಾಮಾನು. ರಿಜ್ವಾನ್ ಚಿಕ್ಕವನಿದ್ದಾಗ ಒಮ್ಮೆ ಲೋಟದಲ್ಲಿ ಹಾಲು ಸಕ್ಕರೆ ಕಲಸಿ, ಕಡ್ಡಿ ನೆಟ್ಟು, ತನ್ನದೇ ಕುಲ್ಫಿ ಮಾಡಲು ಇಟ್ಟಿದ್ದ. ಶಾಲೆಯಿಂದ ಓಡಿ ಬಂದು ನೋಡಿದರೆ ಅಲ್ಲಿ ಯಾರದೋ ಮೊಸರಿನ ಪಾತ್ರೆ. ಕುಲ್ಫಿ ಅಡುಗೆಕಟ್ಟೆಯ ಮೇಲೆ ಮತ್ತೆ ಹಾಲಾಗಿತ್ತು. "ನಾಳೆ ಇಡೋಣ ಬೇಟಾ" ಅಂದರು ಆಪಾ. ಆ ನಾಳೆ ಬಂದ ನೆನಪು ಇಬ್ಬರಿಗೂ ಇಲ್ಲ. ಹುಡುಗ ಅಳಲಿಲ್ಲ, ಹಾಲನ್ನು ಕುಡಿದು ಲೋಟ ತೊಳೆದಿಟ್ಟ. "ನಮ್ಮೋನೇ ಅಲ್ವಾ, ಅಡ್ಜಸ್ಟ್ ಮಾಡ್ಕೋತಾನೆ" ಎಂದು ಆಪಾ ನೂರ್ಜಹಾನಳ ಮುಂದೆ ಹೆಮ್ಮೆಯಿಂದ ಹೇಳಿದರು.

ಕಾಲ ನಿಲ್ಲಲಿಲ್ಲ. ಅಕ್ತರ್ ತೀರಿಕೊಂಡರು. ಮಗಳು ರಿಮ್ಶಾ ಮದುವೆಯಾಗಿ ಕೆ.ಆರ್. ಪುರಕ್ಕೆ ಹೋದಳು. ಹಳೆಯ ಫ್ರಿಜ್ಜು ಗುಜರಿಗೆ ಹೋಗಿ ಹೊಸದು ಬಂತು, ಅಷ್ಟರಲ್ಲಿ ಗಲ್ಲಿಯ ಎಲ್ಲ ಮನೆಗಳಿಗೂ ಫ್ರಿಜ್ಜು ಬಂತು. ಯಾರೂ ಜಗಳವಾಡಿ ಬಿಟ್ಟುಹೋದದ್ದಲ್ಲ, ಕಾರಣವಿಲ್ಲದ್ದರಿಂದ ಬರುವುದು ನಿಂತುಹೋಯಿತು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ಮುನಿವೆಂಕಟಪ್ಪ ಮಾತ್ರ ಇನ್ಸುಲಿನ್‌ಗೆ ಬರುತ್ತಿದ್ದ. ಆಪಾ ಫ್ರಿಜ್ಜು ತೆರೆದು, ಖಾಲಿ ಖಾನೆಗಳನ್ನು ನೋಡಿ, ಏನನ್ನೂ ತೆಗೆಯದೆ ಮುಚ್ಚುವ ದಿನಗಳಿದ್ದವು.

ಅಂಥ ಒಂದು ಬೇಸಿಗೆಯಲ್ಲಿ ರಿಜ್ವಾನ್ ಮುಚ್ಚಳಕ್ಕೆ ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿದು ಮನೆಗೆ ಬಂದ. ಅವನು ಶಿವಾಜಿನಗರದಲ್ಲಿ ಶಫಿ ಭಾಯ್ ಎಂಬುವರ ಅಕ್ವೇರಿಯಂ ಅಂಗಡಿಯಲ್ಲಿ ಕೆಲಸಕ್ಕಿದ್ದ. ಡಬ್ಬಿಯ ನೀರಿನಲ್ಲಿ ಬೆರಳುದ್ದದ ಬಿಳಿ ಜೀವವೊಂದಿತ್ತು. ನಾಲ್ಕು ಪುಟ್ಟ ಕಾಲು, ಉದ್ದ ಬಾಲ, ಕತ್ತಿನ ಎರಡೂ ಕಡೆ ಗರಿಯ ಹಾಗೆ ಕೆದರಿದ ಕೆಂಪು ಕಿವಿರು. ಬಾಯಿ ಮಾತ್ರ ಸುಮ್ಮನೆ ನಗುತ್ತಿರುವಂತೆ ಇತ್ತು.

"ಯಾ ಅಲ್ಲಾ! ಹಲ್ಲಿ ಮರಿ ಯಾಕೋ ತಂದೆ?"

"ಹಲ್ಲಿ ಅಲ್ಲ ಅಮ್ಮಿ, ಆಕ್ಸೊಲಾಟಲ್. ನೀರಲ್ಲೇ ಇರೋದು. ಇನ್ನೂ ಮರಿ. ತಗೊಂಡೋರು ಬಿಸಿಲು ಬೀಳೋ ಕಿಟಕಿ ಹತ್ರ ಇಟ್ಬಿಟ್ಟಿದ್ರು. ಇದಕ್ಕೆ ಸೆಕೆ ತಡೆಯೋಕಾಗಲ್ಲ. ಕಾಯಿಲೆ ಬಂತು ಅಂತ ವಾಪಸ್ ತಂದ್ಕೊಟ್ರು. ಶಫಿ ಭಾಯ್ ಬಿಸಾಕು ಅಂದ್ರು."

ಕಿವಿರಿನ ತುದಿಗೆ ಹತ್ತಿಯ ಎಳೆಯಂತೆ ಬೂಷ್ಟು ಹಿಡಿದಿರುವುದನ್ನು ತೋರಿಸಿದ. ಆಮೇಲೆ ತಲೆ ತಗ್ಗಿಸಿ, ಪಕ್ಕದ ಮನೆಯವರ ಹಾಗೆ ಸಂಕೋಚಪಡುತ್ತಾ ಕೇಳಿದ.

"ಫ್ರಿಜ್ಜಿನ ತಂಪಿಗೆ ಬೂಷ್ಟು ಬೆಳೆಯಲ್ಲ. ಸ್ವಲ್ಪ ದಿನ ಇಟ್ರೆ ಉಳ್ಕೊಳ್ಳುತ್ತೆ. ಕೆಳಗಡೆ ಒಂದು ಮೂಲೆ ಕೊಟ್ರೆ ಸಾಕು ಅಮ್ಮಿ."

ಮೀಸೆ ಬಂದ ಮಗ. ಅಷ್ಟು ವರ್ಷದಲ್ಲಿ ಆ ಫ್ರಿಜ್ಜಿನಲ್ಲಿ ತನಗೆಂದು ಜಾಗ ಕೇಳಿದ್ದು ಕುಲ್ಫಿ ಬಿಟ್ಟರೆ ಇದೇ. ಆಪಾ "ತೌಬಾ, ತಿನ್ನೋ ಸಾಮಾನಿನ ಜೊತೆಗಾ?" ಎಂದು ಮೂಗು ಮುರಿದರು. ಆದರೆ ಇಲ್ಲ ಅನ್ನುವ ಮಾತು ಅವರ ಬಾಯಿಗೆ ಯಾವತ್ತು ಬಂದಿತ್ತು? ಟೊಮೇಟೊ ಬುಟ್ಟಿ ಮೇಲಕ್ಕೆ ಹೋಯಿತು, ಡಬ್ಬಿ ಕೆಳಗಿನ ಖಾನೆಯಲ್ಲಿ ಕೂತಿತು.

ನೋಡಿಕೊಳ್ಳುವ ಕೆಲಸ ಮೆಲ್ಲಗೆ ಆಪಾರಿಗೇ ಅಂಟಿಕೊಂಡಿತು. ಡಬ್ಬಿಯ ನೀರನ್ನು ದಿನವೂ ಪೂರ್ತಿ ಬದಲಿಸಬೇಕು. ನಲ್ಲಿ ನೀರು ನೇರವಾಗಿ ಹಾಕುವಂತಿಲ್ಲ, ಔಷಧಿಯ ವಾಸನೆ ಹೋಗುವ ತನಕ ಬಕೆಟ್ಟಿನಲ್ಲಿ ಬಿಟ್ಟು, ಬಾಟಲಿಗೆ ತುಂಬಿ, ಅದೇ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ ಹಾಕಬೇಕು. ರಿಜ್ವಾನ್ ಅಂಗಡಿಗೆ ಹೋದ ಮೇಲೆ ಆಪಾ ಕನ್ನಡಕ ಏರಿಸಿ, ಬಿಸ್ಮಿಲ್ಲಾ ಹೇಳಿ, ಮರಿಯನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು. ಮೊದಲೆರಡು ದಿನ ಮುಖ ಕಿವಿಚಿದರು. ಆಮೇಲೆ ಅದಕ್ಕೊಂದು ಹೆಸರಿಟ್ಟರು, ಬತಾಸಾ. ನೀರಿಗೆ ಹಾಕಿದ ಬತ್ತಾಸಿನ ಹಾಗೆ ಎಲ್ಲಿ ಕರಗಿ ಹೋಗುತ್ತದೋ ಎಂಬ ಭಯ ಅವರಿಗೆ. "ಇವತ್ತು ಚೆನ್ನಾಗಿದೀಯಾ? ಕಾಲು ಆಡಿಸು ನೋಡೋಣ" ಎಂದು ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಾತಾಡಿಸುವರು. ಇನ್ಸುಲಿನ್‌ಗೆ ಬಂದ ಮುನಿವೆಂಕಟಪ್ಪ ಇದನ್ನು ಕಂಡು, "ಆಪಾಗೆ ಮೊಮ್ಮಗು ಬಂದಂಗಿದೆ" ಎಂದು ನಕ್ಕ.

ಇದಕ್ಕಿಂತ ದೊಡ್ಡದೊಂದು ಸಂಗತಿ ನಡೆದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ರಿಜ್ವಾನನ ಫೋನು ಬರತೊಡಗಿತು. "ಹೇಗಿದೆ ಅಮ್ಮಿ?" ಅಷ್ಟೇ ಪ್ರಶ್ನೆ. ಆಪಾ ಬೂಷ್ಟು ಎಷ್ಟು ಉದುರಿತು, ಕಿವಿರು ಎಷ್ಟು ಕೆಂಪಾಯಿತು ಎಂದು ಶುರುಮಾಡಿ, ಅಡುಗೆ, ಮೊಣಕಾಲು ನೋವು, ರಿಮ್ಶಾಳ ಅತ್ತೆ ಎಲ್ಲವನ್ನೂ ಹೇಳಿ ಮುಗಿಸುವರು. ಅವನು ಕೇಳಿಸಿಕೊಳ್ಳುವನು, ಒಮ್ಮೊಮ್ಮೆ ನಗುವನು. ಅಕ್ತರ್ ಹೋದ ಮೇಲೆ ಆ ಮನೆಯಲ್ಲಿ ತಾಯಿ ಮಗ ಇಷ್ಟು ಮಾತಾಡಿದ್ದಿಲ್ಲ.

ಬಕ್ರೀದಿನ ಹಿಂದಿನ ದಿನ ರಿಜ್ವಾನ್ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ. ಹತ್ತಿಯ ಎಳೆ ಒಂದೇ ಒಂದು ಉಳಿದಿತ್ತು. "ಹಬ್ಬ ಮುಗೀಲಿ, ಮೆಲ್ಲಗೆ ಗಾಜಿನ ತೊಟ್ಟಿಗೆ ಬಿಡೋಣ" ಅಂದ. ಆಮೇಲೆ ಬಾಗಿಲ ಹತ್ತಿರ ಹೋದವನು ತಿರುಗಿ ಬಂದ.

"ಅಮ್ಮಿ, ನಾಳೆ ಯಾರೇ ಬಂದ್ರೂ ಆ ಡಬ್ಬಿ ಆಚೆ ತೆಗೀಬೇಡ."

"ನನಗೇ ಹೇಳ್ಕೊಡ್ತೀಯಾ? ದಿನಾ ನೀರು ಹಾಕೋಳು ಯಾರು?"

ಮರುದಿನ ನಮಾಜು, ಕುರ್ಬಾನಿ ಎಲ್ಲ ಮುಗಿದು, ಮಾಂಸ ಮನೆಗೆ, ನೆಂಟರಿಗೆ, ಬಡವರಿಗೆ ಎಂದು ಮೂರು ಪಾಲಾಯಿತು. ಫ್ರೀಜರ್ ತುಂಬಿ, ಮೇಲಿನ ಖಾನೆಗಳೂ ತುಂಬಿದವು. ರಿಮ್ಶಾಳ ಮನೆಯ ಪಾಲನ್ನು ಆಪಾ ರಿಜ್ವಾನನ ಕೈಗೆ ಕೊಟ್ಟು ಸ್ಕೂಟರಿನಲ್ಲಿ ಕೆ.ಆರ್. ಪುರಕ್ಕೆ ಕಳಿಸಿದರು. ಅವನು ಗಲ್ಲಿ ದಾಟಿರಲಿಕ್ಕಿಲ್ಲ, ನೂರ್ಜಹಾನ್ ಬಂದಳು. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ.

"ಆಪಾ, ಸ್ವಲ್ಪ ಜಾಗ ಇದ್ಯಾ? ನಾಳೆ ಬೆಳಿಗ್ಗೆ ತಗೊಂಡ್ಹೋಗ್ತೀನಿ."

ಎಷ್ಟು ವರ್ಷವಾಗಿತ್ತು ಆ ಪ್ರಶ್ನೆ ಕೇಳಿ! ಆಪಾರ ಮುಖ ಅರಳಿತು. ಎದೆಯೊಳಗೆ ಹಳೆಯ ಬಕ್ರೀದುಗಳೆಲ್ಲ ಒಟ್ಟಿಗೆ ಎದ್ದು ನಿಂತವು. "ಇದೇನು ಕೇಳೋದು ನೂರ್ಜಹಾನ್, ನಿನ್ನದೇ ಮನೆ" ಅಂದು ದುಪಟ್ಟಾ ಸೊಂಟಕ್ಕೆ ಬಿಗಿದೇಬಿಟ್ಟರು. ಡಬ್ಬಿಯನ್ನು ಅಲ್ಲಿ ತುರುಕಿದರು, ಇಲ್ಲಿ ಓರೆ ಮಾಡಿದರು. ಹೋಗಲಿಲ್ಲ. ಬತಾಸಾನ ಡಬ್ಬಿ ತೆಗೆದರೆ ಮಾತ್ರ ಕರೆಕ್ಟಾಗಿ ಕೂರುತ್ತಿತ್ತು.

ಮಗ ಹೇಳಿದ್ದು ನೆನಪಿರಲಿಲ್ಲವೆಂದಲ್ಲ, ಚೆನ್ನಾಗಿಯೇ ನೆನಪಿತ್ತು. ಆದರೆ ಬಾಗಿಲಲ್ಲಿ ನಿಂತವಳಿಗೆ "ಜಾಗ ಇಲ್ಲ" ಅನ್ನುವುದು ಹೇಗೆ? ಅದೂ ಒಂದು ಮರಿ ಇದೆ ಅಂತ ಹೇಳಿ ಹಬ್ಬದ ಮಾಂಸವನ್ನು ವಾಪಸ್ ಕಳಿಸುವುದೇ? ಆಪಾ ತಮಗೆ ತಾವೇ ದಾರಿ ಹುಡುಕಿಕೊಂಡರು. ಬಚ್ಚಲುಮನೆ ತಣ್ಣಗಿರುತ್ತದೆ. ದಿನಾ ಬೆಳಗಿನ ಜಾವದ ನಮಾಜಿಗೆ ಕೈಕಾಲು ತೊಳೆದು ವಜೂ ಮಾಡುವಾಗ ಅಲ್ಲಿಯ ನೆಲ ಕಾಲಿಗೆ ಐಸಿನ ಹಾಗೆ ತಾಗುವುದು ಅವರಿಗೆ ಗೊತ್ತಿತ್ತು. ಡಬ್ಬಿಗೆ ಒದ್ದೆ ಟವೆಲ್ ಸುತ್ತಿ ಆ ನೆಲದ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಅಷ್ಟೇ, ಮೇಲಿನ ಮಾಂಸ ಹಂಚಿದ ಕೂಡಲೇ ಜಾಗವಾಗುತ್ತದೆ.

ಬಚ್ಚಲುಮನೆಯ ಮೇಲೆ ಹೊದಿಸಿರುವುದು ಶೀಟು ಎಂಬುದು ಆಪಾರಿಗೆ ಗೊತ್ತಿಲ್ಲದ ವಿಷಯವೇ? ಮಧ್ಯಾಹ್ನದ ಬಿಸಿಲಿಗೆ ಅದರ ಕೆಳಗೆ ನಿಲ್ಲಲಾಗದೆ ಅವರೇ ಎಷ್ಟೋ ಸಲ ಬೈದುಕೊಂಡು ಹೊರಬಂದಿದ್ದರು. ಆದರೆ ಆ ಗಳಿಗೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಬೆಳಗಿನ ಬಚ್ಚಲು, ಅದನ್ನೇ ನೆನೆದರು. ಅಷ್ಟರಲ್ಲಿ ಮನೆಗೆ ಜನ ಬಂದರು. ಬಿರಿಯಾನಿ ಬಡಿಸಿದರು, ಸಲಾಮು ಹೇಳಿದರು, ಮಾಂಸ ಕೇಳಲು ಬಂದವರಿಗೆ ಕೈ ತುಂಬ ಕೊಟ್ಟರು. ಮೇಲಿನ ಖಾನೆ ಖಾಲಿಯಾದದ್ದನ್ನು ಕಣ್ಣು ನೋಡಿತು, ತಲೆಗೆ ಹೋಗಲಿಲ್ಲ.

ರಿಮ್ಶಾ ಊಟ ಮಾಡಿಸದೆ ಬಿಡಲಿಲ್ಲವೆಂದು ರಿಜ್ವಾನ್ ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ಚಪ್ಪಲಿ ಬಿಟ್ಟವನು ನೇರ ಫ್ರಿಜ್ಜಿಗೆ ಹೋದ. ಬಾಗಿಲು ತೆರೆದು ಕೆಳಗಿನ ಖಾನೆ ನೋಡಿದ.

"ಈ ಸ್ಟೀಲ್ ಡಬ್ಬಿ ಯಾರದು ಅಮ್ಮಿ?"

"ನೂರ್ಜಹಾನ್‌ದು..." ಅಂದ ಆಪಾ ಬಚ್ಚಲುಮನೆಯ ಕಡೆ ನೋಡಿದರು. ಅವನು ಓಡಿದ.

ಟವೆಲ್ ಒಣಗಿ ಗರಿಗರಿಯಾಗಿತ್ತು. ನೀರು ಮೈ ಕಾವಿನಷ್ಟು ಬೆಚ್ಚಗಿತ್ತು. ಮರಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು, ಕೆಂಪು ಕಿವಿರು ಬೂದಿ ಬಣ್ಣಕ್ಕೆ ತಿರುಗಿತ್ತು. ರಿಜ್ವಾನ್ ತಣ್ಣೀರನ್ನು ಚಮಚ ಚಮಚವಾಗಿ ಸೇರಿಸಿದ. ಆಪಾ ಬಾಟಲಿ ಹಿಡಿದು ಪಕ್ಕದಲ್ಲಿ ಕೂತು, ತಮಗೆ ಬರುವ ದುವಾಗಳನ್ನೆಲ್ಲ ಹೇಳಿದರು. ಒಮ್ಮೆ ಮುಂಗಾಲು ಅಲುಗಿದ ಹಾಗಾಯಿತು. ಅದು ನೀರಿನ ಅಲುಗಾಟ. ಬಾಯಿ ಮಾತ್ರ ಸತ್ತ ಮೇಲೂ ನಗುತ್ತಲೇ ಇತ್ತು, ಆಪಾರಿಗೆ ಅದನ್ನು ನೋಡಲಾಗಲಿಲ್ಲ.

"ಬೈಯೋ ಬೇಟಾ. ಬಾಯಿಗೆ ಬಂದಂಗೆ ಬೈಯಿ."

ರಿಜ್ವಾನ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಂದೇನು ತಪ್ಪು ಅಮ್ಮಿ. ಬಕ್ರೀದ್ ದಿನ ನಮ್ಮನೆ ಫ್ರಿಜ್ಜು ನಮ್ಮದಾಗಿರಲ್ಲ ಅಂತ ನನಗೆ ಗೊತ್ತಿತ್ತು. ನಾನೇ ಮನೆಗೆ ತರಬಾರದಿತ್ತು."

ಕರಿಬೇವಿನ ಕುಂಡದಲ್ಲಿ ಮಣ್ಣು ಮಾಡಿ, ಕೈ ತೊಳೆದು, ಡಬ್ಬಿಯನ್ನೂ ತೊಳೆದು ಕವುಚಿ ಇಟ್ಟ. ಬಹಳ ಹಿಂದೆ ಲೋಟ ತೊಳೆದಿಟ್ಟ ಹುಡುಗನೇ ಎದ್ದು ಬಂದ ಹಾಗಿತ್ತು. ಅವತ್ತು ಹೆಮ್ಮೆಪಟ್ಟಿದ್ದ ತಾಯಿ ಇವತ್ತು ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಮರುದಿನ ಬೆಳಿಗ್ಗೆ ನೂರ್ಜಹಾನ್ ಡಬ್ಬಿಗೆ ಬಂದಳು. "ನಮ್ಮ ಫ್ರಿಜ್ಜಲ್ಲೂ ಜಾಗ ಇತ್ತು ಆಪಾ. ಸೊಸೆ ಐಸ್‌ಕ್ರೀಮ್ ಇಟ್ಟಿದ್ಲು, ಮಾಂಸದ ವಾಸನೆ ಹಿಡಿಯುತ್ತೆ ಅಂದ್ಲು. ಹೊಸ ಸೊಸೆ, ಏನ್ ಹೇಳೋದು? ಆಪಾ ಇದಾರಲ್ಲ ಅಂತ ಬಂದೆ. ನಿಮ್ಮಂಥೋರು ಯಾರಿದಾರೆ ಹೇಳಿ."

ಆಪಾ ಡಬ್ಬಿ ಕೊಟ್ಟರು. ಜೀವಮಾನವೆಲ್ಲ ಯಾವ ಮಾತಿಗಾಗಿ ಬಾಗಿಲು ತೆರೆದಿದ್ದರೋ ಆ ಮಾತು ಅವತ್ತು ಕೆನ್ನೆಗೆ ಹೊಡೆದ ಹಾಗೆ ತಾಗಿತು.

ಅಂದಿನಿಂದ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಆಪಾ ಏನನ್ನೂ ಇಡುವುದಿಲ್ಲ. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಬಿಟ್ಟು, ಬಾಟಲಿಗೆ ತುಂಬಿ ತಣ್ಣಗಾಗಿಸುವ ಅಭ್ಯಾಸವನ್ನೂ ಬಿಟ್ಟಿಲ್ಲ. ಮಧ್ಯಾಹ್ನದ ಫೋನು ನಿಂತಿದೆ, ಆದರೂ ಊಟದ ಹೊತ್ತಿಗೆ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಾರೆ. ಮೊನ್ನೆ ರಿಜ್ವಾನ್ ಯಾರೊಂದಿಗೋ ಮಾತಾಡುವಾಗ, ಅಂಗಡಿಗೆ ಅಂಥದೇ ಇನ್ನೊಂದು ಕಾಯಿಲೆಯ ಮರಿ ಬಂದಿದೆ ಅನ್ನುವುದು ಅವರ ಕಿವಿಗೆ ಬಿತ್ತು. ಮಾತು ಮುಗಿಯುವುದನ್ನೇ ಕಾದು, ಅವನ ಕೈ ಹಿಡಿದು ಫ್ರಿಜ್ಜಿನ ಹತ್ತಿರ ಕರೆದೊಯ್ದು ಬಾಗಿಲು ತೆರೆದರು.

"ನೋಡು, ಕೆಳಗಡೆ ಪೂರ್ತಿ ಖಾಲಿ ಇಟ್ಟಿದೀನಿ. ನೀರೂ ರೆಡಿ ಇದೆ. ಯಾರ್ ಬಂದ್ರೂ ಇಲ್ಲ ಅಂತೀನಿ. ಮನೆಗೆ ತಗೊಂಡ್ಬಾ ಬೇಟಾ."

ರಿಜ್ವಾನ್ ಆ ಖಾಲಿ ಖಾನೆಯನ್ನು ನೋಡಿದ. ಆಮೇಲೆ ಗಲ್ಲಿಯವರು ಡಬ್ಬಿ ವಾಪಸ್ ತೆಗೆದುಕೊಂಡು ಹೋಗುವಾಗ ನಗುವ ಹಾಗೆ, ತುಂಬ ಮರ್ಯಾದೆಯಿಂದ ನಕ್ಕ.

"ಬೇಡ ಅಮ್ಮಿ. ಸುಮ್ನೆ ನಿನಗ್ಯಾಕೆ ತೊಂದರೆ" ಅಂದು, ಫ್ರಿಜ್ಜಿನ ಬಾಗಿಲು ಮೆಲ್ಲಗೆ ಮುಚ್ಚಿ ಅಂಗಡಿಗೆ ಹೊರಟ.