ಮೂರು, ಸೊನ್ನೆ, ಎರಡು: ಊಟದ ಮೊದಲೋ ನಂತರವೋ?

ಐವತ್ತೊಂದನೇ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿದ್ದೇನೆ ಎನ್ನಲು ನನಗೆ ನಾಚಿಕೆಯಿಲ್ಲ. ನಾಚಿಕೆಯಿರುವುದು, ಸೇರಿದ ಹನ್ನೊಂದನೇ ದಿನಕ್ಕೇ ಬಿಡುವ ಅರ್ಜಿ ಬರೆದದ್ದಕ್ಕೆ.

ತಪ್ಪು ನನ್ನ ಬಿಪಿಯದು. ಆರು ವರ್ಷದಿಂದ ಡಾಕ್ಟರ ಚೀಟಿ ಓದಿ ಓದಿ, 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ನನಗೆ ಮಗ್ಗಿಗಿಂತ ಗಟ್ಟಿ. ಕಾಲೇಜು ಕೊಟ್ಟ ಹಾಳೆಯಲ್ಲಿ ‘ಹಸ್ತಪ್ರತಿ ಓದು’ ಎಂಬ ವಿಷಯದ ಮುಂದೆ 3-0-2, ಕ್ರೆಡಿಟ್ ನಾಲ್ಕು ಎಂದಿತ್ತು. ಸರಿ, ಬೆಳಿಗ್ಗೆ ಮೂರು ಗಂಟೆ ಓದು. ಮಧ್ಯಾಹ್ನ ಕಚೇರಿ, ಹಾಗಾಗಿ ಸೊನ್ನೆ. ಎಷ್ಟು ಕರುಣೆಯ ವಿಶ್ವವಿದ್ಯಾಲಯ! ರಾತ್ರಿ ಎರಡು. ಊಟದ ಮೊದಲೋ ನಂತರವೋ ಎಂಬುದೊಂದನ್ನು ಬರೆದಿರಲಿಲ್ಲ.

ತರಗತಿ ಶುರುವಾಗುವ ಮೊದಲೇ ಹತ್ತು ದಿನ ಹಾಗೇ ನುಂಗಿದೆ. ಹುಳಿ ತಳ ಹಿಡಿಯಿತು. ಗಾಂಧಿ ಬಜಾರಿನಲ್ಲಿ ಹೂವಿನಂಗಡಿಯ ಬೋರ್ಡಿನ ಕಾಗುಣಿತ ತಿದ್ದಲು ಹೋಗಿ ಬೈಸಿಕೊಂಡೆ. ಆದರೆ ಅಯ್ಯೋ, ಆ ಸುಖ! ಓಲೆಗರಿಯ ಜೆರಾಕ್ಸಿನಲ್ಲಿ ಪದಗಳ ನಡುವೆ ಜಾಗವೇ ಇಲ್ಲ, ಇರುವೆ ಸಾಲು. ಆರನೆಯ ದಿನ ಆ ಸಾಲು ಫಟ್ಟನೆ ಒಡೆದು ‘ಮಳೆ ಬಂದೊಡೆ’ ಎಂದಿತು. ಲಟ್ಟಣಿಗೆ ಹಿಡಿದುಕೊಂಡೇ ಕುಣಿದೆ.

ಕಷ್ಟವೆಂದರೆ, ಅಂಥ ವಿಷಯಗಳು ನಾಲ್ಕು; ಉಳಿದ ಮೂರನ್ನು ಇನ್ನೂ ಮುಟ್ಟಿರಲೇ ಇಲ್ಲ. ನಾಲ್ಕೈದಲಿ ಇಪ್ಪತ್ತು, ಕಚೇರಿ ಎಂಟು. ದಿನಕ್ಕೆ ಇಪ್ಪತ್ತೆಂಟು ಗಂಟೆ ಎಲ್ಲಿಂದ ತರಲಿ? ಮೂಗು ಸೀಟುತ್ತಾ ಅರ್ಜಿ ಬರೆದೆ. ಹೋದ ವರ್ಷವಷ್ಟೇ ಡಿಗ್ರಿ ಮುಗಿಸಿದ ಮಗಳು ಅದನ್ನು ನೋಡಿದಳು.

“ಏನಮ್ಮಾ ಇದು? ಅಷ್ಟು ಆಸೆಪಟ್ಟು ಸೇರ್ಕೊಂಡು ಬಿಡ್ತೀನಿ ಅಂತೀಯ?”

“ಡೋಸು ಜಾಸ್ತಿ ಕಣೇ. ನನ್ ಕೈಲಾಗಲ್ಲ.”

“ಡೋಸಾ?” ಹಾಳೆ ತೋರಿಸಿದೆ. ನಕ್ಕು ನಕ್ಕು ನೆಲದ ಮೇಲೇ ಕೂತಳು. “ಅದು ಮಾತ್ರೆ ಅಲ್ಲಮ್ಮಾ! ಮೂರು ಗಂಟೆ ಪಾಠ, ಟ್ಯುಟೋರಿಯಲ್ ಇಲ್ಲ, ಎರಡು ಗಂಟೆ ಪ್ರಾಕ್ಟಿಕಲ್. ಪಾಠಕ್ಕೆ ಗಂಟೆಗೊಂದು ಕ್ರೆಡಿಟ್ಟು, ಪ್ರಾಕ್ಟಿಕಲ್ಲಿಗೆ ಎರಡು ಗಂಟೆ ಸೇರಿ ಒಂದೇ, ಅದಕ್ಕೇ ಒಟ್ಟು ನಾಲ್ಕು. ಅದೂ ವಾರಕ್ಕೆ!”

“ವಾರಕ್ಕಾ?”

“ಹತ್ತು ವಾರದ್ದು ಹತ್ತು ದಿನದಲ್ಲಿ ಮುಗಿಸ್ಬಿಟ್ಟಿದೀಯ, ಮಹಾತಾಯಿ!”

ನಮ್ಮಜ್ಜಿ ಮಕ್ಕಳ ಓದನ್ನು ದೀಪದ ಎಣ್ಣೆಯಲ್ಲಿ ಅಳೆಯುತ್ತಿದ್ದಳು: “ಇವತ್ತು ಎರಡು ಚಮಚ ಓದಿದಾನೆ.” ಪುಸ್ತಕದ ಮೇಲೆ ನಿದ್ದೆ ಹೋದವನಿಗೂ ಅಷ್ಟೇ ಚಮಚ. ಕ್ರೆಡಿಟ್ಟೂ ಅದೇ ವಂಶದ್ದು. ನಾವು ಪುಸ್ತಕದ ಮುಂದೆ ಕೂತ ಹೊತ್ತು ಅದಕ್ಕೆ ಗೊತ್ತು. ಬಸ್ಸಿನಲ್ಲಿ, ಒಗ್ಗರಣೆಯ ಮುಂದೆ ಪುಸ್ತಕ ನಮ್ಮೊಳಗೆ ಕೂತ ಹೊತ್ತು ಗೊತ್ತಿಲ್ಲ. ‘ಮಳೆ ಬಂದೊಡೆ’ಗೆ ಎಷ್ಟು ಕ್ರೆಡಿಟ್ಟು? ಯಾವ ಹಾಳೆಯಲ್ಲೂ ಇಲ್ಲ.

ಅರ್ಜಿ ಹರಿದೆ. ಆದರೂ ಅನುಮಾನದ ಪ್ರಾಣಿ ನಾನು, ಮರುದಿನ ಔಷಧಿ ಅಂಗಡಿಯಲ್ಲಿ ನನ್ನ ಬಿಪಿ ಚೀಟಿ ಚಾಚಿ ಕೇಳಿಯೇಬಿಟ್ಟೆ: “ಈ 1-0-1 ದಿನಕ್ಕೋ, ವಾರಕ್ಕೋ?”

ಅಂಗಡಿಯವರು ಗಾಬರಿಯಾದರು. “ದಿನಕ್ಕೇ ಮೇಡಂ! ಯಾಕೆ, ಏನಾದ್ರೂ ಹೆಚ್ಚುಕಮ್ಮಿ ತಗೊಂಡ್ಬಿಟ್ರಾ?”

“ಹೂಂ, ಹತ್ತು ದಿನ ಜಾಸ್ತಿ ತಗೊಂಡೆ,” ಎಂದೆ. “ಬಹಳ ಚೆನ್ನಾಗಿತ್ತು.”