ಫಿದೆನ್ಸಿಯೋನ ಹನ್ನೆರಡನೆಯ ಪಾಠ

ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆಗೆ ಹೆಂಗಸರು, ಮಕ್ಕಳು ಒಳಗೆ. ಗಂಡಸರು ಹೊರಗೆ, ಮರದ ನೆರಳಿನಲ್ಲಿ ಟ್ರಕ್ಕುಗಳಿಗೆ ಒರಗಿಕೊಂಡು. ಮೂವರು ಪಾದ್ರಿಗಳು ಅವರನ್ನು ಪ್ರೀತಿಯಿಂದ ಕರೆದು ಸೋತಿದ್ದರು. ನಾನು ಕರೆಯಲು ಹೋಗಲಿಲ್ಲ. ಟೆಕ್ಸಸ್ಸಿನ ಗಡಿಯಂಚಿನ ಈ ಊರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಮಾಯೆಸ್ತ್ರಾ, ಅಂದರೆ ಟೀಚರಮ್ಮ, ಅನ್ನಿಸಿಕೊಂಡು ಪಾಠ ಹೇಳಿದವಳು ನಾನು; ಈಗ ಚರ್ಚಿನಲ್ಲಿ ಧರ್ಮಪಾಠ ಹೇಳುತ್ತೇನೆ. ಅಗತ್ಯ ಬಿದ್ದವರು ಬಂದೇ ಬರುತ್ತಾರೆ.

ಫಿದೆನ್ಸಿಯೋ ಕಾಂತೂಗೆ ಅಗತ್ಯ ಬಿತ್ತು. ಐವತ್ತೆರಡು ವರ್ಷದ ಗಾರೆ ಕೆಲಸದವನು. ಚರ್ಚಿನ ಕಾಂಪೌಂಡ್ ಗೋಡೆ ಕಟ್ಟಿದವನೇ ಅವನು. ಒಳಗಿನ ಗೋಡೆಯ ಬಣ್ಣ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮಗಳು ತನ್ನ ಮೊದಲ ಕೂಸಿಗೆ ಜ್ಞಾನಸ್ನಾನದಲ್ಲಿ ಅಪ್ಪನೇ ಜ್ಞಾನತಂದೆಯಾಗಿ ನಿಲ್ಲಬೇಕೆಂದು ಹಠ ಹಿಡಿದಳು. ಬಿಳಿ ಅಂಗಿ, ಮೇಣದ ಬತ್ತಿ, ಕೇಕು ಕೊಡಿಸಿದರೆ ಆಯಿತೆಂದು ಅವನು ತಿಳಿದಿದ್ದ. ಆದರೆ ಜ್ಞಾನತಂದೆಯಾಗುವವನಿಗೆ ಮೊದಲು ಬಿಷಪ್ಪರಿಂದ ದೃಢೀಕರಣದ ಸಂಸ್ಕಾರ ಆಗಿರಬೇಕು, ಅವನಿಗೆ ಅದೇ ಆಗಿರಲಿಲ್ಲ. ಅದಕ್ಕೆ ನನ್ನ ಹನ್ನೆರಡು ಪಾಠ ಕೇಳಬೇಕು, ಅದೂ ಹದಿಮೂರರ ಮಕ್ಕಳ ಜೊತೆ.

ಅವನು ಬಂದ. ಸಣ್ಣ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತ.

"ಏನೋ ಫಿದೆ, ಹೋಂವರ್ಕ್ ಮಾಡಿದ್ಯಾ? ಇಲ್ಲಾಂದ್ರೆ ಮಾಯೆಸ್ತ್ರಾ ಕಿವಿ ಹಿಂಡ್ತಾರೆ!" ಎಂದು ಅವನ ಗೆಳೆಯ ನಿಕನೋರ್ ಮರದಡಿಯಿಂದ ಕೂಗುತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿ, ಅನುಭವದ ಮಾತು.

ಹನ್ನೊಂದು ಪಾಠ ಆಯಿತು. ಕೊನೆಯದಕ್ಕೆ ಅವನು ಬರಲಿಲ್ಲ. ಭಾನುವಾರ ಪೂಜೆಗೆ ಮುಂಚೆ ನನ್ನ ಮುಂದೆ ನಿಂತ.

"ಕಾಂಕ್ರೀಟ್ ಗಾಡಿ ಬಂದ್ಬಿಡ್ತು, ಮಾಯೆಸ್ತ್ರಾ. ಅದಕ್ಕೆ ಸ್ವಲ್ಪ ಇರು ಅನ್ನಕ್ಕಾಗತ್ತಾ?"

"ಬಿಷಪ್ಪರಿಗೂ ಅನ್ನಕ್ಕಾಗಲ್ಲ. ಪಾಠ ಮುಗಿಸಿದವರ ಪಟ್ಟಿ ಇವತ್ತು ಸಂಜೆ ಅವರಿಗೆ ಹೋಗತ್ತೆ. ಹನ್ನೊಂದು ಪಾಠಕ್ಕೆ ನಾನು ಸಹಿ ಹಾಕಲ್ಲ."

"ಹಾಗಾದ್ರೆ ಮಗಳು ಅವಳ ಗಂಡನ ಅಪ್ಪನ್ನ ಕರೀತಾಳೆ. ಆ ಮನುಷ್ಯನಿಗೆ ಒಂದು ಗೋಡೆ ನೆಟ್ಟಗೆ ಕಟ್ಟಕ್ಕೆ ಬರಲ್ಲ!"

ಅವನು ಹೋಗಲು ತಿರುಗಿದ. ನಾನು ಹನ್ನೆರಡನೆಯ ಪಾಠದ ಹಾಳೆ ಕೊಟ್ಟೆ, ಯೇಸುವಿನ ಸಾಕುತಂದೆ ಸಂತ ಜೋಸೆಫರದು. "ಇದನ್ನ ಓದ್ಕೊಂಡು ಮರದ ಕೆಳಗಿರೋರಿಗೆ ಹೇಳ್ಕೊಡು. ಪೂಜೆ ಮುಗಿದ್ಮೇಲೆ ಬಂದು ಅವ್ರನ್ನ ಪ್ರಶ್ನೆ ಕೇಳ್ತೀನಿ. ಉತ್ತರ ಬಂದ್ರೆ ಸಹಿ."

"ಅವ್ರಿಗಾ? ದೇವರೇ, ಮಕ್ಕಳೇ ವಾಸಿ!"

ಪೂಜೆ ಮುಗಿಸಿ ಹೋದಾಗ ಯಾರೂ ಟ್ರಕ್ಕಿಗೆ ಒರಗಿರಲಿಲ್ಲ. ಜಗಳದ ಹಾಗೆ ಚರ್ಚೆ ನಡೆದಿತ್ತು.

"ಬೈಬಲಿನಲ್ಲಿ ಜೋಸೆಫರು ಎಷ್ಟು ಮಾತು ಆಡಿದ್ದಾರೆ?" ಎಂದೆ.

"ಒಂದೂ ಇಲ್ಲ!" ನಾಲ್ಕು ಗಂಟಲು ಒಟ್ಟಿಗೆ.

"ಮತ್ತೆ ಏನು ಮಾಡಿದರು?"

"ರಾತ್ರೋರಾತ್ರಿ ಹೆಂಡ್ತಿ, ಮಗೂನ ಕರ್ಕೊಂಡು ಗಡಿ ದಾಟಿದ್ರು," ಎಂದ ನಿಕನೋರ್. "ನಮ್ಮಪ್ಪನ ಹಾಗೇ. ನಮ್ಮಪ್ಪನೂ ಮಾತಾಡ್ತಿರ್ಲಿಲ್ಲ."

"ಜ್ಞಾನತಂದೆಯ ಕೆಲಸ ಏನು?"

ಫಿದೆನ್ಸಿಯೋ ಬಾಯಿ ತೆರೆದ, ನೀನಲ್ಲ ಎಂದು ನಾನು ಬೆರಳೆತ್ತಿದೆ.

"ಕೇಕು ಅನ್ಬೇಡ್ರೋ!" ಎಂದು ಒಬ್ಬ ಪಿಸುಗುಟ್ಟಿದ.

ನಿಕನೋರ್ ಕತ್ತು ಕೆರೆದುಕೊಂಡ. "ಮಗೂನ ದೇವರ ಹತ್ರ ಕರ್ಕೊಂಡು ಹೋಗೋದು. ಅಂದ್ರೆ... ಮೊದ್ಲು ತಾನು ಒಳಗೆ ಹೋಗ್ಬೇಕು." ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು.

ನಾನು ಅಲ್ಲೇ ಸಹಿ ಹಾಕಿದೆ.

ಬಿಷಪ್ಪರು ಬಂದು ದೃಢೀಕರಣ ಕೊಟ್ಟು ಹೋದ ಮರುವಾರ ಕೂಸಿನ ಜ್ಞಾನಸ್ನಾನ. ಈ ಹೊಣೆಗೆ ಸಿದ್ಧನೇ ಎಂಬ ಪಾದ್ರಿಯ ಪ್ರಶ್ನೆ ಮುಗಿಯುವ ಮೊದಲೇ ಫಿದೆನ್ಸಿಯೋ "ಸಿದ್ಧ!" ಎಂದು ಅಬ್ಬರಿಸಿದ, ಕೂಸು ಬೆಚ್ಚಿ ಅತ್ತಿತು. ಅವನು ತಪ್ಪುತ್ತಾನೇನೋ ಎಂದು ನೋಡಲು ಗೆಳೆಯರೆಲ್ಲ ಒಳಗೆ ಬಂದು ಹಿಂದೆ ನಿಂತಿದ್ದರು.

ಮಂಗಳವಾರದ ಪಾಠಕ್ಕೆ ನಿಕನೋರ್ ಬಂದ.

"ಯಾರ ಮಗುವಿಗೆ?" ಎಂದೆ.

"ಇನ್ನೂ ಯಾರೂ ಕರ್ದಿಲ್ಲ, ಮಾಯೆಸ್ತ್ರಾ. ಕರ್ದಾಗ ಓಡಾಡೋದು ಬೇಡ ಅಂತ."

ಮುಂದಿನ ಬೆಂಚು ತೋರಿಸಿದೆ.