ಮಾವನ ನಾಲಿಗೆಯ ತುದಿ

ಒದೆಯುವ ಮುನ್ನ ಅವರ ನಾಲಿಗೆಯ ತುದಿ ಬಾಯಿಯ ಎಡಮೂಲೆಯಲ್ಲಿ ಇಣುಕುತ್ತಿತ್ತು. ಒದೆಯುತ್ತಿದ್ದವರು ಅವರಲ್ಲ; ಅಷ್ಟು ಶ್ರಮ ಅವರಿಗಾಗದು. ಟಿವಿಯೊಳಗಿನ ಗೊಂಬೆ ಒದೆಯುತ್ತಿತ್ತು, ಇವರು ಮಂಚದ ಮೇಲೆ ಕುಳಿತು ಗುಂಡಿ ಒತ್ತುತ್ತಿದ್ದರು.

ಅವರು ನನ್ನ ಸೋದರಮಾವ, ಅಮ್ಮನ ಕಿರಿಯ ತಮ್ಮ. ಗುಂಡ್ಲುಪೇಟೆಯ ಅಜ್ಜಿ ಮನೆಯಲ್ಲಿ ಬನಿಯನ್ನಿನ ಮೇಲೇ ಸೆಂಟು ಹಾಕಿಕೊಂಡು, ಕುಡಿದ ಕಾಫಿ ಲೋಟವನ್ನು ಕಾಲಿನಿಂದ ಮಂಚದಡಿಗೆ ತಳ್ಳುತ್ತಲೇ ಮೂವತ್ತು ದಾಟಿದವರು. ಅಜ್ಜಿ ಸೊಂಟ ಹಿಡಿದುಕೊಂಡು ಬಗ್ಗಿ ಲೋಟ ತೆಗೆಯುವಾಗ ಇವರು ಕಾಲನ್ನು ತುಸು ಎತ್ತಿಕೊಳ್ಳುತ್ತಿದ್ದರು. ಹೆತ್ತ ತಾಯಿಗೆ ಅವರು ಮಾಡಿದ ಉಪಕಾರ ಅಷ್ಟೇ.

ತೊಂಬತ್ತರ ದಶಕದ ಕೊನೆ. ಊಟಿಯಿಂದ ವಿಡಿಯೋ ಗೇಮ್ ತಂದಿದ್ದರು. ಕಾನ್ವೆಂಟಿನಲ್ಲಿ ಬೆಳೆದು, ಪಿಯುಸಿ ಮುಗಿಸಿ ರಜೆಗೆ ಬಂದ ನಾನು ಅವರ ಕೈಯಲ್ಲಿ ಸೋಲಲು ಸಿಕ್ಕೆ. ಕ್ಯಾಸೆಟ್ಟಿನ ಬುಡಕ್ಕೆ ಊದಿ ಸಿಕ್ಕಿಸುತ್ತ ಪಾಠ ಹೇಳುತ್ತಿದ್ದರು.

“ಗೊಂಬೆ ನೋಡ್ಬ್ಯಾಡ ಕಣಮ್ಮಿ, ಆಡ್ಸೋನ್ನ ನೋಡು. ಗೊಂಬೆ ಕಾಲೆತ್ತೋಕ್ ಮುಂಚೆ ಅವನ್ ಮನ್ಸು ಎತ್ತಿರ್ತದೆ. ಒಂದ್ಸಲ ಗೆದ್ದ ಏಟ್ನ ಯಾವನೂ ಬುಡಾಕಿಲ್ಲ, ತಿರ್ಗಾ ಅದ್ನೇ ಹಾಕ್ತಾನೆ. ಅಲ್ಲೇ ಕಾದು ನಿಂತ್ಕೊ.”

ನಾನು ಸೋತರೆ, “ಯಾಕಮ್ಮಿ, ಕಾನ್ವೆಂಟ್ನಾಗೆ ಇದ್ನ ಯೋಳ್ಕೊಡಾಕಿಲ್ವಾ?” ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದರು.

ಒಂದು ದಿನ ಅಡುಗೆಮನೆಯಿಂದ ಅಜ್ಜಿ ಕೂಗಿದರು: “ಭೀಮ್ನಬೀಡ್ ಹೊಲಕ್ಕೆ ಓಗಿ ಅರಿಶಿನಕ್ಕೆ ನೀರ್ ಕಟ್ಬುಟ್ಟು ಬಂದ್ಯೇನ್ಲಾ?”

ನಾಲಿಗೆಯ ತುದಿ ಇಣುಕಿತು. “ಬಂದೆ ಕಣವ್ವ.”

ಅವರು ಮಂಚದಿಂದ ಇಳಿದೇ ಇರಲಿಲ್ಲ. ಒದೆತಕ್ಕೂ ಸುಳ್ಳಿಗೂ ಒಂದೇ ಗುರುತು! ಅಂದಿನಿಂದ ನಾನು ಟಿವಿ ಬಿಟ್ಟು ಅವರ ಬಾಯಿ ನೋಡತೊಡಗಿದೆ. ಒದೆತ ಬರುವ ಮುಂಚೆಯೇ ತಡೆದೆ. ನಾನು ಗೆದ್ದ ದಿನ, “ಕರೆಂಟ್ ಸರಿಯಿಲ್ಲ” ಎಂದು ವೈರು ಕಿತ್ತರು. ಆಗಲೂ ಇಣುಕಿತ್ತು.

ನಾನು ಊರಿಗೆ ಮರಳಿದ ಮೇಲೆ ನನ್ನನ್ನು ಅವರಿಗೇ ಕೊಡುವ ಮಾತೆದ್ದಿತು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. “ಮನೆ ಹೆಣ್ಣು ಮನೇಲೇ ಇರ್ಲಿ” ಎಂದರು ಅಜ್ಜಿ. ಅಮ್ಮನಿಗೆ ಅರೆಮನಸ್ಸು. ನನಗೆ ಡಿಗ್ರಿ ಓದುವ ಆಸೆ. ಅಳುವುದರಿಂದ ಏನೂ ಆಗದೆಂದು ಗೊತ್ತಿತ್ತು. ಮಾತುಕತೆಗೆ ಚಾಮರಾಜನಗರದಿಂದ ಮೂವರೂ ಹೊರಟಾಗ ಅಪ್ಪನಿಗೆ ಹೇಳಿದೆ: “ಮೊದಲು ಹೊಲ ನೋಡಿಕೊಂಡು ಹೋಗೋಣ ಅಪ್ಪ. ಬೆಳೆ ಹೇಗಿದೆ ಅಂತ ಆಮೇಲೆ ಮಾವನ್ನ ಕೇಳಿ.”

ಭೀಮನಬೀಡಿನಲ್ಲಿ ಅರಿಶಿನದ ಮೊಳಕೆ ನೀರಿಲ್ಲದೆ ಸುಟ್ಟುಹೋಗಿತ್ತು. ಪಂಪ್‌ಸೆಟ್ ಮನೆಯ ಚಿಲಕಕ್ಕೆ ಜೇಡ ಬಲೆ ಕಟ್ಟಿತ್ತು.

ಅಲ್ಲಿಂದ ಅಜ್ಜಿ ಮನೆಗೆ ಹೋದೆವು. ಮಾವ ಅಂದು ಬನಿಯನ್ನಿನ ಮೇಲೆ ಅಂಗಿ ತೊಟ್ಟಿದ್ದರು. “ಎಷ್ಟ್ ಬೇಕಾದ್ರೂ ಓದ್ಕಳ್ಲಿ ಬಾವ, ನಾನ್ ಓದುಸ್ತೀನಿ” ಎನ್ನುವ ಮುನ್ನ ಇಣುಕಿತು.

“ಅರಿಶಿನ ಹೆಂಗದಪ್ಪ?” ಅಪ್ಪ ಮೆಲ್ಲಗೆ ಕೇಳಿದರು.

ಮತ್ತೆ ಇಣುಕಿತು. “ಹಸ್ರಾಗದೆ ಬಾವ. ಬೆಳಿಗ್ಗೆ ತಾನೇ ನೀರ್ ಕಟ್ಬುಟ್ಟು ಬಂದೆ.”

ಗೆದ್ದ ಏಟನ್ನು ಬಿಟ್ಟಿರಲಿಲ್ಲ.

ಅಮ್ಮ ಕಾಫಿ ಲೋಟವನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. “ನೋಡ್ಕಂಡೇ ಬಂದ್ವಿ ಕಣ್ಲಾ,” ಎಂದವರು ನನ್ನ ಕಡೆ ತಿರುಗಿ, “ಏಳಮ್ಮಿ, ಹೋಗನ” ಎಂದರು.

ನಾನು ಡಿಗ್ರಿ ಮುಗಿಸಿದೆ. ನನ್ನನ್ನು ಅವರಿಂದ ಉಳಿಸಿದ ವಿದ್ಯೆ ಅವರೇ ಕೊಟ್ಟದ್ದು. ಬೇರೆ ಯಾರಿಗಾದರೂ ಬೇರೇನನ್ನಾದರೂ ಕೊಟ್ಟಿದ್ದನ್ನು ನಾನು ಕಾಣೆ.

ಅವರು ತೀರಿಕೊಂಡ ದಿನ ಎಲ್ಲರೂ ಬಂಗಾರದಂಥ ಮನುಷ್ಯ ಎಂದು ಅಳುತ್ತಿದ್ದರು. ನಾನು ಅಭ್ಯಾಸಬಲದಿಂದ ಬಾಯಿಯ ಎಡಮೂಲೆ ನೋಡುತ್ತ ಕುಳಿತಿದ್ದೆ. ಏನೂ ಇಣುಕಲಿಲ್ಲ. ಮಾವ ಅಷ್ಟು ಹೊತ್ತು ಸುಳ್ಳು ಹೇಳದೆ ಇದ್ದದ್ದನ್ನು ನಾನು ನೋಡಿದ್ದು ಅಂದೇ.